ಐನೂರು ಎಂಬಿ ಆಸ್ತಿಯ ಗಂಡು

ವೆಬ್‌ಸೈಟು ಕೆಡುವುದಕ್ಕೆ ಕಾರಣವೇ ಬೇಕಿಲ್ಲ, ಯಾರಾದರೂ ನೋಡಲು ಬಂದರೆ ಸಾಕು. ನಾವೊಬ್ಬರೇ ಕೂತು ನೋಡುವಾಗ ಅಚ್ಚುಕಟ್ಟಾಗಿ ನಿಂತಿರುತ್ತದೆ. ನೆಂಟರು ಬಂದು ಕುರ್ಚಿ ಎಳೆದುಕೊಂಡು ಕೂತರು ಅನ್ನಿ, ಆ ಕ್ಷಣವೇ ಹಟ ಹಿಡಿದ ಮಗುವಿನ ಹಾಗೆ ನೆಲಕ್ಕೆ ಬೀಳುತ್ತದೆ. ಎರಡು ಸಾವಿರದ ಐದರ ಆಸುಪಾಸಿನಲ್ಲಿ ನಾನು ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ, ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲೆ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದೆ. ಆಗ ನಡೆದ ಕೆಲವು ಪ್ರಸಂಗಗಳನ್ನು ಹೇಳುತ್ತೇನೆ.

ಮಾಡಿಕೊಡುವುದು ಅಂದರೆ ನಾನೇನು ಮಹಾ ಮಾಡುತ್ತಿರಲಿಲ್ಲ. ಯಾರೋ ಪರದೇಶದವರು ಮಾಡಿಟ್ಟ ಟೆಂಪ್ಲೇಟು ಅಂತ ಸಿಗುತ್ತಿತ್ತು. ರೆಡಿಮೇಡ್ ಅಂಗಿ ಇದ್ದ ಹಾಗೆ. ಅದನ್ನು ತಂದು, ಗಿರಾಕಿಯ ಅಳತೆಗೆ ಅಲ್ಲಲ್ಲಿ ಹಿಡಿದು ಹೊಲಿದು, ಬಾಡಿಗೆ ಜಾಗದಲ್ಲಿ ಕೂರಿಸುವುದು ನನ್ನ ಕಸುಬು. ಆ ಬಾಡಿಗೆ ಜಾಗಕ್ಕೆ ಶೇರ್ಡ್ ಹೋಸ್ಟಿಂಗ್ ಎನ್ನುತ್ತಾರೆ. ಅದೊಂದು ವಠಾರ. ಅಮೆರಿಕದಲ್ಲಿ ಎಲ್ಲೋ ಒಂದು ದೊಡ್ಡ ಕಂಪ್ಯೂಟರು, ಅದರೊಳಗೆ ನನ್ನಂಥವರು ನೂರಾರು ಬಾಡಿಗೆದಾರರು. ಒಂದೇ ನಲ್ಲಿ, ಒಂದೇ ಬಚ್ಚಲು. ಪಕ್ಕದ ಮನೆಯವನು ಎರಡು ಬಿಂದಿಗೆ ಜಾಸ್ತಿ ಹಿಡಿದರೆ ನಮ್ಮ ಮನೆಗೆ ನೀರಿಲ್ಲ.

ಇದರಿಂದ ನನ್ನ ಊಟಕ್ಕೇನೂ ತೊಂದರೆಯಾಗಲಿಲ್ಲ. ತೊಂದರೆ ಆದದ್ದು ಮದುವೆಗೆ. ವಯಸ್ಸು ಮೂವತ್ತು ದಾಟುತ್ತಿತ್ತು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಬರುತ್ತಾರೆ. ಮೊದಲು ಗದ್ದೆ, ಆಮೇಲೆ ಕೊಟ್ಟಿಗೆ, ಆಮೇಲೆ ಬೋರ್‌ವೆಲ್ಲು, ಹೊತ್ತು ಮಿಕ್ಕಿದರೆ ಗಂಡು. ನಮ್ಮ ಮನೆಯಲ್ಲಿ ಗದ್ದೆ, ಕೊಟ್ಟಿಗೆ ಎಲ್ಲ ಅಣ್ಣನ ಪಾಲಿಗೆ ಹೋಗಿತ್ತು. ನನ್ನ ಪಾಲಿನದು ಅಂತ ತೋರಿಸುವುದಕ್ಕೆ ಇದ್ದದ್ದು ವೆಬ್‌ಸೈಟು ಮಾತ್ರ. ಅದು ನಿಂತರೆ ನನ್ನ ಮದುವೆ, ಬಿದ್ದರೆ ಇಲ್ಲ ಅನ್ನುವ ಪರಿಸ್ಥಿತಿ.

ಬಿಳೀ ಗೋಡೆ

ಮೊದಲು ಬಂದವರು ಕಳಲೆಯವರು. ಹುಡುಗಿಯ ಅಪ್ಪ, ಜೊತೆಗೆ ಇಬ್ಬರು ನೆಂಟರು, ಎಲ್ಲರಿಗಿಂತ ಮುಂದೆ ನಮ್ಮ ದಲ್ಲಾಳಿ. ಈ ದಲ್ಲಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊಪೆಡ್ಡಿನ ಮೇಲೆ ಎರಡು ತಾಲ್ಲೂಕು ಸುತ್ತಿ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಹುಡುಕುವುದು ಅವರ ಕೆಲಸ. ಬಾಯಿ ತೆರೆದರೆ ಸುಳ್ಳು. ಆದರೆ ಒಂದರಲ್ಲೂ ಕೆಟ್ಟ ಬುದ್ಧಿ ಇಲ್ಲ, ಅಷ್ಟು ಸುಳ್ಳೂ ಯಾರದೋ ಮನೆಯಲ್ಲಿ ವಾಲಗ ಊದಲಿ ಅಂತಲೇ ಹೇಳಿದ್ದು.

ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಹುಡುಗಿಯ ಅಪ್ಪ, "ಉಡ್ಗನ ಕೆಲ್ಸಾನೂ ಒಂದ್ಸಲ ನೋಡ್ಬುಡಣ" ಎಂದರು. ಎಲ್ಲರೂ ಅಂಗಡಿಯ ಮೆಟ್ಟಿಲು ಹತ್ತಿದರು. ಹಿಂದಿನ ದಿನ ತಾನೇ ಒಂದು ರೈಸ್ ಮಿಲ್ಲಿನ ಸೈಟಿಗೆ ಹೊಸ ಟೆಂಪ್ಲೇಟು ಹಾಕಿದ್ದೆ. ಹಸಿರು ಗದ್ದೆ, ತೇಲಿ ಬರುವ ಅಕ್ಷರ, ನೋಡಿದರೆ ಹಸಿವಾಗಬೇಕು ಹಾಗಿತ್ತು. ಅದನ್ನೇ ತೋರಿಸೋಣ ಅಂತ ವಿಳಾಸ ಒತ್ತಿದೆ.

ಪರದೆ ಬೆಳ್ಳಗಾಯಿತು. ಬೆಳ್ಳಗೇ ಇತ್ತು.

"ಬಂತಾ?" ಎಂದರು ಹುಡುಗಿಯ ಅಪ್ಪ.

"ಬತ್ತಾ ಅದೆ."

ಎಲ್ಲರೂ ಕಾದರು. ಒಬ್ಬ ನೆಂಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ತಪ್ಪು ತಮ್ಮದೇ ಇರಬೇಕು ಎನ್ನುವ ಹಾಗೆ. ಪರದೆ ಬೆಳ್ಳಗೇ ಇತ್ತು. ಆದದ್ದಿಷ್ಟೆ: ಟೆಂಪ್ಲೇಟು ಹೊಸ ಕಾಲದ್ದು, ನಮ್ಮ ವಠಾರದ ಕಂಪ್ಯೂಟರು ಹಳೇ ಕಾಲದ್ದು. ಇವನ ಭಾಷೆ ಅವನಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತ ಬಾಯಿಬಿಟ್ಟು ಹೇಳಬಾರದೆ? ಇಲ್ಲ, ಬಿಳೀ ಪುಟ ಹಾಕಿ ಸುಮ್ಮನಾಗುತ್ತದೆ. ನನ್ನ ಕಸುಬಿನಲ್ಲಿ ಎಲ್ಲಕ್ಕಿಂತ ಕೆಟ್ಟ ರೋಗ ಇದು. ಬೈದರೆ ಏನಾದರೂ ತಿದ್ದಿಕೊಳ್ಳಬಹುದು, ಮಾತೇ ಆಡದವರನ್ನು ಏನು ಮಾಡುವುದು?

ದಲ್ಲಾಳಿ ಬಿಡುವರೆ? "ನೋಡಿ ಯಜಮಾನ್ರೇ, ಎಷ್ಟು ಕ್ಲೀನಾಗ್ ಮಾಡವ್ನೆ!" ಎಂದರು.

ಹುಡುಗಿಯ ಅಪ್ಪ ಎದ್ದರು. ನನಗೆ ಮರ್ಯಾದೆಯಿಂದಲೇ ಕೈ ಮುಗಿದರು. ಮೆಟ್ಟಿಲಿಳಿಯುವಾಗ ದಲ್ಲಾಳಿಗೆ ಹೇಳಿದ್ದು ಮಾತ್ರ ಮೇಲಿದ್ದ ನನಗೂ ಕೇಳಿಸಿತು: "ಬಿಳೀ ಗೋಡೆ ತೋರ್ಸಕ್ಕೆ ಕಳಲೆಯಿಂದ ಕರ್ಕ ಬಂದ್ಯಾ? ಸುಣ್ಣ ನಮ್ ಮನೇಲೂ ಒಡ್ಸೀವಿ ಕಣಯ್ಯ."

ಅಮೆರಿಕದ ಜಮೀನು

ಇದಾದ ಮೇಲೆ ದಲ್ಲಾಳಿ ದಾರಿ ಬದಲಾಯಿಸಿದರು. ನಾನು ಒಮ್ಮೆ ಮಾತಿನ ಮಧ್ಯೆ ಜಾಗ ಅಮೆರಿಕದಲ್ಲಿದೆ ಅಂದದ್ದನ್ನು ಕಿವಿಗೆ ಹಾಕಿಕೊಂಡಿದ್ದರು. ತಿ. ನರಸೀಪುರದ ಒಂದು ಮನೆಯಲ್ಲಿ, "ಗಂಡಿಗೆ ಇಲ್ಲಿ ಏನೂ ಇಲ್ಲ, ನಿಜ. ಅಮೇರಿಕದಲ್ಲಿ ಜಾಗ ಅದೆ" ಎಂದುಬಿಟ್ಟರು.

ಹುಡುಗಿಯ ಸೋದರಮಾವ ವಿಲೇಜ್ ಅಕೌಂಟೆಂಟ್ ಆಗಿ ರಿಟೈರ್ ಆದವರು. ಬಂದವರು ಅಂಗಡಿಯಲ್ಲಿ ಕೂತು, ನೀರನ್ನೂ ಕುಡಿಯದೆ ಶುರು ಮಾಡಿದರು.

"ಅಮೇರಿಕದಲ್ಲಿ ಎಷ್ಟದೆ?"

ನಾನು ದಲ್ಲಾಳಿಯ ಮುಖ ನೋಡಿದೆ. ದಲ್ಲಾಳಿ ಸೂರು ನೋಡುತ್ತಿದ್ದರು. ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಐನೂರು ಎಂಬಿ ಸಾ."

"ಎಂಬಿ ಅಂದ್ರೆ ನಮ್ ಲೆಕ್ಕದಲ್ಲಿ ಎಷ್ಟು ಗುಂಟೆ?"

"ಗುಂಟೆಗೆಲ್ಲ ಬರಲ್ಲ ಸಾ. ಒಂದೆರಡು ಸಾವಿರ ಫೋಟೋ ಇಡಬೌದು."

"ಸ್ವಂತದ್ದಾ?"

"ಇಲ್ಲ, ಶೇರ್ಡ್."

"ಜಂಟಿ ಖಾತೆ. ಪೋಡಿ ಆಗದೆಯಾ?" ಜಂಟಿ ಜಮೀನನ್ನು ಅಳೆದು ಬೇರೆ ಬೇರೆ ಮಾಡಿಕೊಡುವುದಕ್ಕೆ ಪೋಡಿ ಎನ್ನುತ್ತಾರೆ. ಅವರ ಜೀವಮಾನವೆಲ್ಲ ಅದರಲ್ಲೇ ಕಳೆದಿತ್ತು.

"ಆಗಿಲ್ಲ. ಮಾಡಿಸ್ಕೋಬೇಕು ಅಂದ್ರೆ ದುಬಾರಿ."

"ಸರ್ವೆ ನಂಬರ್ರಾದ್ರೂ ಅದಾ?"

"ಅದೆ ಸಾ. ನಾಕು ಭಾಗ, ಮಧ್ಯೆ ಮಧ್ಯೆ ಚುಕ್ಕಿ." ಆ ಕಂಪ್ಯೂಟರಿನ ಐಪಿ ನಂಬರನ್ನು ಕಾಗದದ ಮೇಲೆ ಬರೆದು ತೋರಿಸಿದೆ.

"ಇಸ್ಸಾ ಮೇಲೆ ಇಸ್ಸಾ ಬಿದ್ದದೆ, ಬಲು ಚೂರಾಗದೆ" ಎಂದು, ಪಾಲಿನ ಮೇಲೆ ಪಾಲಾದ ಜಮೀನು ಕಂಡವರ ಹಾಗೆ ತಲೆ ಆಡಿಸಿದರು. "ಅಕ್ಕಪಕ್ಕದೋರು ಎಂಗೆ? ಒತ್ತುವರಿ ಗಿತ್ತುವರಿ?"

"ದಿನಾ ಮಾಡ್ತಾರೆ ಸಾ. ಅವರು ಜಾಸ್ತಿ ಎಳ್ಕಂಡಾಗೆಲ್ಲ ನಮ್ದು ನಿಂತೋಯ್ತದೆ."

"ಗುತ್ತಿಗೆ ಕಟ್ಟದೇ ಓದ್ರೆ?"

"ಅಳಿಸ್ಬುಡ್ತಾರೆ."

ಸೋದರಮಾವ ಎದ್ದು ಕೊಡೆ ತೆಗೆದುಕೊಂಡರು. ದಲ್ಲಾಳಿಯ ಕಡೆ ತಿರುಗಿ ಶಾಂತವಾಗಿಯೇ ಹೇಳಿದರು: "ಪಹಣಿ ಇಲ್ಲ, ಪೋಡಿ ಇಲ್ಲ, ದಿನಾ ಒತ್ತುವರಿ, ಮೇಲೆ ಗುತ್ತಿಗೆ ಬೇರೆ. ಇಂಥ ಜಮೀನು ನೋಡಕ್ಕೆ ಅಮೇರಿಕಕ್ಕೆ ಯಾಕಪ್ಪ ಓಗ್ಬೇಕು? ನಮ್ ತಾಲ್ಲೂಕಿನಲ್ಲೇ ಬೇಕಾದಷ್ಟು ಅದೆ."

ಪುರೋಹಿತರ ಸಲಹೆ

ಮದುವೆ ಕೂಡಿ ಬರದಿದ್ದರೂ ಕೆಲಸ ಕೂಡಿ ಬರುತ್ತಿತ್ತು. ನರಸೀಪುರದ ಬೆಲ್ಲದ ವ್ಯಾಪಾರಿಯೊಬ್ಬರು ಕರೆಸಿಕೊಂಡರು. ಸೈಟು ತಮ್ಮ ಮನೆಯಲ್ಲೇ, ತಮ್ಮ ಕಂಪ್ಯೂಟರಿನಲ್ಲೇ, ತಮ್ಮ ಪುರೋಹಿತರು ಇಟ್ಟ ಮುಹೂರ್ತದಲ್ಲೇ ಕೂರಬೇಕು ಎಂಬುದು ಅವರ ಷರತ್ತು. ಎಲ್ಲ ನೆಟ್ಟಗಾದರೆ ತಮ್ಮ ಬಳಗದಲ್ಲೇ ಒಂದು ಹೆಣ್ಣು ವಿಚಾರಿಸುವುದಾಗಿಯೂ ಹೇಳಿದ್ದರು. ಹಾಗಾಗಿ ನಾನು ಒಗೆದ ಅಂಗಿ ಹಾಕಿಕೊಂಡು ಹೋದೆ.

ಮಾನಿಟರಿಗೆ ಅರಿಶಿನ ಕುಂಕುಮ ಆಯಿತು. ಹೂವು ಏರಿಸಿದರು. ನಾನು ಟೆಂಪ್ಲೇಟು ಕೂರಿಸುವ ಕೆಲಸ ಶುರು ಮಾಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕರೆಂಟು ಬರುವ ಹೊತ್ತಿಗೆ ಮುಹೂರ್ತ ಕೊನೆಗೆ ಬಂದಿತ್ತು. ಆದರೂ ಶುರು ಮಾಡಿದೆ. ಈ ಕೂರಿಸುವ ಕೆಲಸದಲ್ಲಿ ಅಮೆರಿಕದ ಕಂಪ್ಯೂಟರು ತನ್ನ ಉಗ್ರಾಣದಲ್ಲಿ ಮಾಹಿತಿ ತುಂಬುವ ಡಬ್ಬಗಳನ್ನು ಒಂದೊಂದೇ ಜೋಡಿಸಿಕೊಂಡು ಹೋಗುತ್ತದೆ. ನಡುವೆ ನಿಲ್ಲಿಸುವ ಹಾಗಿಲ್ಲ. ಅರ್ಧ ಆಗಿತ್ತು. ಯಜಮಾನರು ಗೋಡೆಯ ಗಡಿಯಾರ ನೋಡಿದವರೇ ನನ್ನ ಕೈಯಿಂದ ಮೌಸು ಕಿತ್ತುಕೊಂಡರು.

"ರಾಹುಕಾಲ!"

"ಯಜಮಾನ್ರೇ, ಅರ್ಧಕ್ಕೆ ನಿಲ್ಸಿದ್ರೆ ಕೆಟ್ಟೋಯ್ತದೆ."

"ರಾಹುಕಾಲದಲ್ಲಿ ಮುಗ್ಸಿದ್ರೆ ಅದ್ಕಿಂತ ಕೆಟ್ಟೋಯ್ತದೆ" ಎಂದು ಮೌಸನ್ನು ಅಡುಗೆ ಮನೆಗೆ ಕಳಿಸಿಬಿಟ್ಟರು.

ರಾಹುಕಾಲ ಕಳೆಯುವವರೆಗೆ ಪಾಯಸ ಕುಡಿದೆವು. ಮೌಸು ವಾಪಸು ಬಂತು, ಮೇಲೆ ಸ್ವಲ್ಪ ತುಪ್ಪವಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಆಗುವುದಿಲ್ಲ ಎಂದಿತು. ಇನ್ನೊಂದು ಸಲ ಮಾಡಿದೆ, ಮತ್ತೂ ಆಗುವುದಿಲ್ಲ ಎಂದಿತು. ಹೋಸ್ಟಿಂಗ್ ಕಂಪನಿಯವರಿಗೆ ಹೀಗೆ ಹೀಗೆ ಆಗಿದೆ, ಏನು ಮಾಡಲಿ ಎಂದು ಇಂಗ್ಲಿಷಿನಲ್ಲಿ ಗೋಗರೆದು ಬರೆದೆ. ನಾನು ಬೆವರುವುದನ್ನು ನೋಡುತ್ತಿದ್ದ ಪುರೋಹಿತರಿಗೆ ಕನಿಕರ ಬಂತು.

"ಏನಪ್ಪ ಆಯ್ತು?"

"ಅರ್ಧ ಕೂತದೆ ಸ್ವಾಮಿ. ಈಗ ಪೂರ್ತಿ ಕೂರಿಸೋಣ ಅಂದ್ರೆ ಬುಡ್ತಾ ಇಲ್ಲ."

"ಹೇಗೆ ಬಿಡುತ್ತೆ? ಮೊದಲು ಕೂರಿಸಿದ್ದನ್ನ ವಿಸರ್ಜನೆ ಮಾಡದೆ ಅದೇ ಪೀಠದಲ್ಲಿ ಇನ್ನೊಂದು ಪ್ರತಿಷ್ಠೆ ಮಾಡೋ ಹಾಗಿಲ್ಲ. ಹಳೇದನ್ನ ತೆಗೆದು, ಶುದ್ಧಿ ಮಾಡಿ, ಆಮೇಲೆ ಕೂರಿಸು."

ಮೌಸಿನ ತುಪ್ಪ ಒರೆಸಿದೆ. ಆಮೇಲೆ ಉಗ್ರಾಣಕ್ಕೆ ಹೋಗಿ ಅರ್ಧಂಬರ್ಧ ಜೋಡಿಸಿದ್ದ ಡಬ್ಬಗಳನ್ನೆಲ್ಲ ಎಸೆದು, ಮತ್ತೆ ಶುರು ಮಾಡಿದೆ. ಸೈಟು ಕೂತಿತು! ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ನಿಜವಾಗಿಯೂ ಸಂತೋಷವಾಯಿತು.

ಬಳಗದ ಹೆಣ್ಣಿಗೆ ಅಷ್ಟರಲ್ಲಿ ಬೇರೆ ಕಡೆ ಗೊತ್ತಾಗಿತ್ತು, ಅದಿರಲಿ. ಎರಡು ದಿನ ಬಿಟ್ಟು ಹೋಸ್ಟಿಂಗ್ ಕಂಪನಿಯ ಉತ್ತರ ಬಂತು. ಪುರೋಹಿತರು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು. ಪಾಯಸ ಮಾತ್ರ ಕೊಟ್ಟಿರಲಿಲ್ಲ.

ರಜೆಯ ಮೇಲಿರುವ ಡಾಕ್ಟರು

ಇದು ಚಿಕ್ಕದು. ನಂಜನಗೂಡಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಅವರ ಸೈಟಿಗೆ ತಂದ ಟೆಂಪ್ಲೇಟಿನ ಜೊತೆಗೇ, ನಮೂನೆಗೆಂದು ಒಬ್ಬ ಪರದೇಶದ ಡಾಕ್ಟರ ಫೋಟೋ ಬಂದಿತ್ತು. ಬಿಳೀ ಕೋಟು, ಕೆಂಪು ಕೂದಲು, ಬಾಯಿ ತುಂಬ ಹಲ್ಲು. ಅದನ್ನು ತೆಗೆದು ನಮ್ಮ ಡಾಕ್ಟರ ಫೋಟೋ ಹಾಕಬೇಕು. ಎಷ್ಟು ತೆಗೆದರೂ ಹೋಗುತ್ತಿಲ್ಲ. ಆ ಕಡತ ಮುಟ್ಟಲು ನಿನಗೆ ಅಪ್ಪಣೆ ಇಲ್ಲ ಅನ್ನುತ್ತದೆ. ನಾನೇ ತಂದು ಇಟ್ಟದ್ದು, ನನಗೇ ಅಪ್ಪಣೆ ಇಲ್ಲ!

ನಾನು ಅಪ್ಪಣೆ ಬೇಡುತ್ತಿದ್ದಾಗಲೇ ಹೆಮ್ಮಿಗೆಯ ಕಡೆಯಿಂದ ಒಬ್ಬ ಅಜ್ಜಿ ದವಡೆ ಹಿಡಿದುಕೊಂಡು ಡಾಕ್ಟರ ಶಾಪಿಗೆ ಬಂದರು. ಮೊಮ್ಮಗ ನರಸೀಪುರದ ಸೈಬರ್ ಕೆಫೆಯಲ್ಲಿ ವಿಳಾಸ ಬೇಕೆಂದು ಪುಟವನ್ನೇ ಪ್ರಿಂಟ್ ತೆಗೆಸಿ ಕೊಟ್ಟಿದ್ದ. ಅಜ್ಜಿ ನಮ್ಮ ಡಾಕ್ಟರನ್ನು ಕಾಂಪೌಂಡರು ಎಂದುಕೊಂಡು, ಪ್ರಿಂಟು ತೋರಿಸಿ, "ಈವಪ್ಪನ್ನ ಕರೀ ಮಗ" ಎಂದರು.

"ನಾನೇ ಕಣಜ್ಜಿ ಡಾಕ್ಟ್ರು."

ಅಜ್ಜಿ ಫೋಟೋ ನೋಡಿದರು, ಡಾಕ್ಟರನ್ನು ನೋಡಿದರು. "ಬ್ಯಾಡ ಕಣಪ್ಪ, ನಾನು ಕಾಯ್ತೀನಿ" ಎಂದು ಬೆಂಚಿನ ಮೇಲೆ ಕಾಲು ಮಡಿಸಿ ಕೂತರು.

ಡಾಕ್ಟರು ನನಗೆ ಫೋನು ಮಾಡಿದರು. ಬೈಯುತ್ತಾರೆ ಅಂತ ಮೊದಲೇ ಕ್ಷಮೆ ಕೇಳಿದೆ, ಇವತ್ತು ಸಾಯಂಕಾಲದೊಳಗೆ ತೆಗೆಯುತ್ತೇನೆ ಎಂದೆ. "ತೆಗೀಬೇಡ್ರಿ!" ಎಂದರು ಡಾಕ್ಟರು. "ಅವ್ರು ರಜಾದ ಮೇಲೆ ಹೋಗವ್ರೆ, ಅವ್ರ ಕೈಕೆಳಗೆ ಕಲ್ತೋನು ನಾನು ಅಂದೆ. ಅಜ್ಜಿ ಬಾಯಿ ತೆಗೆದ್ರು."

ಡಬ್ಬ ಎಸೆಯದವರು

ಟೆಂಪ್ಲೇಟು ಕೂರಿಸಿ ಆದ ಮೇಲೆ, ಕೂರಿಸುವುದಕ್ಕೆ ಬಳಸಿದ ಫೋಲ್ಡರನ್ನು ಅಳಿಸಿಬಿಡಬೇಕು. ಇದು ನಮ್ಮ ಕಸುಬಿನ ಮೊದಲ ನಿಯಮ. ಅಳಿಸದಿದ್ದರೆ ಸೈಟಿಗೆ ಬಂದವರಿಗೆಲ್ಲ ಅಂಗಡಿಯ ಬದಲು ಅಂಗಡಿ ಕಟ್ಟುವ ಯಂತ್ರವೇ ಎದುರಾಗುತ್ತದೆ.

ಬಾಳೆಹಣ್ಣಿನ ಮಂಡಿಯ ಯಜಮಾನರೊಬ್ಬರಿಗೆ ಸೈಟು ಮಾಡಿದೆ. ಕಲಿಯುವ ಆಸೆ ಇದ್ದವರು, ಕೊನೆಯ ಕೆಲಸ ನಾನೇ ಮಾಡುತ್ತೇನೆ ಎಂದರು. ಆ ಫೋಲ್ಡರ್ ಅಳಿಸಿ ಅಂತ ಹೇಳಿ ಬಂದೆ. ಅವರೂ ನನಗಾಗಿ ಒಂದು ಹೆಣ್ಣಿನ ಕಡೆಯವರ ಹತ್ತಿರ ಮಾತಾಡುವುದಾಗಿ ಹೇಳಿದ್ದರು. ಬಿಳಿಗೆರೆಯವರು, ಒಳ್ಳೆಯ ಜನ, ಯಜಮಾನರ ಮಾತು ತೆಗೆದುಹಾಕುವವರಲ್ಲ. ಹುರುಪಿನಲ್ಲಿ ಮೆಟ್ಟಿಲಿಳಿದೆ.

ಆದರೆ ಅವರ ಮನೆ ಎಂಥದ್ದು ಅನ್ನುವುದನ್ನು ನಾನು ಯೋಚಿಸಲಿಲ್ಲ. ಟಿವಿ ತಂದರೆ ಟಿವಿ ಬಂದ ಡಬ್ಬ ಅಟ್ಟದ ಮೇಲೆ. ಮಿಕ್ಸಿ ತಂದರೆ ಮಿಕ್ಸಿಯ ಡಬ್ಬ, ಅದರೊಳಗಿನ ಥರ್ಮೋಕೋಲು, ಅದನ್ನು ಕಟ್ಟಿದ್ದ ದಾರ ಎಲ್ಲ ಅಟ್ಟದ ಮೇಲೆ. ಅಂಥವರು ಫೋಲ್ಡರ್ ಅಳಿಸುತ್ತಾರೆಯೇ? ಜೋಪಾನವಾಗಿ ಇಟ್ಟುಕೊಂಡಿದ್ದರು.

ಮಾರನೆಯ ದಿನದಿಂದ ಸೈಟಿಗೆ ಬಂದವರಿಗೆಲ್ಲ, 'ಸ್ವಾಗತ, ಮುಂದುವರಿಯಲು ಇಲ್ಲಿ ಒತ್ತಿ' ಎಂದು ಬಂತು. ನಮ್ಮ ಜನ ಹೇಳಿದ ಮಾತು ಕೇಳುವವರು, ಒತ್ತಿದರು. 'ನಿಮ್ಮ ಅಂಗಡಿಯ ಹೆಸರು?' ಎಂದು ಕೇಳಿತು, ಬರೆದರು. 'ಯಜಮಾನರ ಹೆಸರು?' ಎಂದಿತು, ತಮ್ಮದನ್ನೇ ಬರೆದರು. ಹೀಗೆ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಮಂಡಿಯ ಯಜಮಾನರಾಗುತ್ತಾ ಹೋದರು. ಬೆಳಿಗ್ಗೆ ಅದು ಸೀರೆ ಅಂಗಡಿ, ಮಧ್ಯಾಹ್ನ ಸೈಕಲ್ ಶಾಪು, ಸಂಜೆಗೆ ಒಬ್ಬ ಕಾಲೇಜು ಹುಡುಗಿಯ ಹೆಸರಿನ ಬ್ಯೂಟಿ ಪಾರ್ಲರು.

ನಾನು ಓಡಿಹೋದೆ. "ಯಜಮಾನ್ರೇ, ಅಳಿಸಿ ಅಂದಿದ್ನಲ್ಲ?"

"ಅದೆಂಗಪ್ಪ ಎಸೀತಾರೆ? ನಾಳೆ ರಿಪೇರಿ ಬಂದ್ರೆ ಡಬ್ಬ ಎಲ್ಲಿ ಅಂತ ಕೇಳಕ್ಕಿಲ್ವಾ?"

ಅಷ್ಟರಲ್ಲಿ ಅವರ ಫೋನು ಹೊಡೆಯಿತು. ಚಾಮರಾಜನಗರದ ಕಡೆಯ ಗಿರಾಕಿ. ಪಾಪ, ಭಯಸ್ಥ ಮನುಷ್ಯ. ಜೋರಾಗಿ ಮಾತಾಡುತ್ತಿದ್ದರಿಂದ ನನಗೂ ಕೇಳಿಸಿತು: "ಯಜಮಾನ್ರೇ, ಒಂದು ಮಾತು. ನಿಮ್ ಮಂಡಿ ನನ್ ಎಸ್ರಿಗೆ ಬಂದ್ಬುಟ್ಟದೆ. ನಾನಾಗಿ ಏನೂ ಕೇಳ್ಲಿಲ್ಲ ದೇವ್ರಾಣೆಗೂ. ಪಾಲು ಬರ್ಬೇಕಾದ ನಿಮ್ ತಮ್ಮಂಗೆ ಬ್ಯಾಸ್ರ ಆಯ್ತದೇನೋ ಅಂತ ಫೋನ್ ಮಾಡ್ದೆ."

ಯಜಮಾನರು ಸೈಟು ಸರಿ ಹೋದ ಮೇಲೂ ಬಿಳಿಗೆರೆಯವರ ಹತ್ತಿರ ನನ್ನ ಮಾತೆತ್ತಲಿಲ್ಲ. "ಎಲ್ಲಾ ಸರಿ ಕಣಪ್ಪ," ಎಂದರು, "ಮಂಡೀನೇ ಸಿಕ್ದೋರ ಎಸ್ರಿಗೆ ಮಾಡ್ಬುಟ್ಟೆ. ನಾಳೆ ಎಂಡ್ರುನ್ನ ಏನ್ ಮಾಡೀಯೋ?"

ಛತ್ರ

ಅಷ್ಟು ಹೊತ್ತಿಗೆ ದಲ್ಲಾಳಿಯೂ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದ್ದರು. ಅವ್ವ ನನ್ನ ಮುಖ ನೋಡಿದಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ನನಗೂ ಒಳಗೊಳಗೇ ಬೇಸರ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಂಥ ಸಮಯದಲ್ಲಿ ಬೆಲ್ಲದ ವ್ಯಾಪಾರಿ ನನ್ನ ಹೆಸರು ಹೇಳಿದರೆಂದು ನರಸೀಪುರದ ಒಂದು ಮದುವೆ ಛತ್ರದ ಮ್ಯಾನೇಜರು ಕರೆದರು. ಮನೆಯಲ್ಲೇ ಕೂತು ಛತ್ರ ಬುಕ್ ಮಾಡುವ ಸೈಟು ಬೇಕು. ದಿನ ಆರಿಸಿ, ಗಂಡಿನ ಹೆಸರು, ಹೆಣ್ಣಿನ ಹೆಸರು ತುಂಬಿ ಒತ್ತಿದರೆ ಮ್ಯಾನೇಜರಿಗೆ ಮೇಲ್ ಹೋಗಬೇಕು, ಸೈಟಿನ ಕ್ಯಾಲೆಂಡರಿನಲ್ಲಿ ಆ ದಿನ ಕೆಂಪಗಾಗಿ ಅದರ ಮೇಲೆ ಹೆಸರು ಬರಬೇಕು.

ಟೆಂಪ್ಲೇಟು ಕೂತಿತು. ಕ್ಯಾಲೆಂಡರು ಕೆಂಪಗೂ ಆಯಿತು. ಮೇಲ್ ಮಾತ್ರ ಹೋಗುತ್ತಿಲ್ಲ. ನಂಜನಗೂಡಿನ ಅಂಗಡಿಯಲ್ಲಿ ಕೂತು ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಕ್ಯಾಲೆಂಡರಿನಲ್ಲಿ ಕೈಗೆ ಸಿಕ್ಕಿದ ದಿನ ಒತ್ತಿದೆ, ಮೇ ತಿಂಗಳ ಒಂದು ಭಾನುವಾರ. ಗಂಡಿನ ಜಾಗದಲ್ಲಿ ನನ್ನ ಹೆಸರು. ಹೆಣ್ಣಿನ ಜಾಗದಲ್ಲಿ, ನಮ್ಮ ಕಸುಬಿನವರು ಪರೀಕ್ಷೆಗೆಂದು ಏನು ತುಂಬಬೇಕಾದರೂ ತುಂಬುವುದು ಒಂದೇ, 'ಟೆಸ್ಟ್'. ಒತ್ತಿದೆ, ಹೋಗಲಿಲ್ಲ. ಏನೋ ತಿದ್ದಿದೆ, ಒತ್ತಿದೆ, ಹೋಗಲಿಲ್ಲ. ಮಧ್ಯಾಹ್ನವೆಲ್ಲ ಇದೇ ಆಯಿತು. ಸಾಕಾಗಿ, ನಾಳೆ ನೋಡೋಣ ಎಂದು ಬಾಗಿಲು ಹಾಕಿದೆ.

ಮೇಲ್‌ಗಳು ಕಳೆದುಹೋಗಿರಲಿಲ್ಲ. ವಠಾರದ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದವು. ನಾನು ಮನೆಗೆ ಹೋದ ಮೇಲೆ ಬಾಗಿಲು ತೆರೆದಿದೆ, ಎಲ್ಲ ಒಟ್ಟಿಗೆ ನರಸೀಪುರಕ್ಕೆ ನುಗ್ಗಿವೆ. ಒಂದೇ ಗಂಡು, ಒಂದೇ ಹೆಣ್ಣು, ಒಂದೇ ದಿನ, ಮೇಲಿಂದ ಮೇಲೆ. ಮ್ಯಾನೇಜರು, ಅಯ್ಯೋ ಪಾಪ, ಹುಡುಗ ಬಹಳ ಅವಸರದಲ್ಲಿದ್ದಾನೆ ಅಂದುಕೊಂಡರು. ನಮ್ಮ ವೆಬ್‌ಸೈಟ್ ಮಾಡಿದವರದೇ ಮದುವೆ, ಅಡ್ವಾನ್ಸು ಆಮೇಲೆ ಕೊಡಲಿ ಎಂದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೂ ನನ್ನ ಹೆಸರು ಬರೆದುಕೊಂಡರು. ಅದೇ ದಿನ ಬೇಕೆಂದು ಕೇಳಿಕೊಂಡು ಬಂದವರನ್ನೆಲ್ಲ ವಾಪಸು ಕಳಿಸಿದರು. ಬಂದವರಿಗೆಲ್ಲ ಕಾರಣವನ್ನೂ ಹೇಳಿದರು. ನರಸೀಪುರದಲ್ಲಿ ಹೇಳಿದ್ದು ನಂಜನಗೂಡಿಗೆ ಬರಲು ಒಂದು ಬಸ್ಸು ಸಾಕು.

ಅವ್ವ ಎಂದೂ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಅವತ್ತು ಹತ್ತಿ ಬಂದಳು.

"ಯಾರ್ಲಾ ಅವ್ಳು?"

"ಯಾರವ್ವ?"

"ಟೆಸ್ಟು! ಛತ್ರ ಬುಕ್ ಮಾಡೋಗಂಟ ಓಗಿದ್ದೀಯ, ಎತ್ತ ತಾಯಿಗೊಂದ್ ಮಾತು ಏಳ್ಲಿಲ್ವಲ್ಲ! ಎಸ್ರು ಕೇಳುದ್ರೆ ನಮ್ ಕಡೆಯೋಳಂಗೂ ಇಲ್ಲ."

ಕೂರಿಸಿ, ನೀರು ಕೊಟ್ಟು, ಎಲ್ಲ ಬಿಡಿಸಿ ಹೇಳಿದೆ. ಹುಡುಗಿ ಅಂತ ಯಾರೂ ಇಲ್ಲ, ಅದು ಪರೀಕ್ಷೆಗೆ ಬರೆದದ್ದು, ಈಗಲೇ ಮ್ಯಾನೇಜರಿಗೆ ಫೋನು ಮಾಡಿ ಕ್ಯಾನ್ಸಲ್ ಮಾಡಿಸುತ್ತೇನೆ ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು:

"ಯಾವತ್ತಿಗೆ ಅಂದೆ?"

ಹೇಳಿದೆ. ಅವ್ವ ಗೋಡೆಗೆ ನೇತುಹಾಕಿದ್ದ ಪಂಚಾಂಗದ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು. ತಿರುಗಿದಾಗ ಬೇರೆ ಹೆಂಗಸೇ ಆಗಿದ್ದಳು.

"ಭಾನುವಾರ. ಆ ತಿಂಗಳಿಗೇ ಒಳ್ಳೆ ಲಗ್ನ. ನಿಮ್ ಚಿಕ್ಕಪ್ಪ ಮಗಳ ಮದ್ವೆಗೆ ಒಂದ್ ವರ್ಷ ಅಲೆದ್ರೂ ಛತ್ರ ಸಿಗ್ದೆ, ಬಿಸಿಲಲ್ಲಿ ಶಾಮಿಯಾನ ಆಕ್ಸಿ ಜನವೆಲ್ಲ ಬೆಂದೋದ್ರು. ಕ್ಯಾನ್ಸಲ್ ಗೀನ್ಸಲ್ ಅಂದ್ರೆ ಕಾಲ್ ಮುರ್ದುಬು‌ಟ್ಟೇನು! ಛತ್ರ ಸಿಕ್ಕದೆ. ಇನ್ನೇನು, ಎಣ್ಣೊಂದ್ ತಾನೆ?"

ದಲ್ಲಾಳಿಗೆ ಹೇಳಿಕಳಿಸಿದಳು. ಮೊಪೆಡ್ಡು ಹಾರಿಕೊಂಡು ಬಂತು. ಅವರ ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಎರಡು ತಾಲ್ಲೂಕಿನಲ್ಲೂ, "ಗಂಡಿಗೆ ಛತ್ರ ಅದೆ" ಎಂದು ಸಾರಿಕೊಂಡು ಬಂದರು. ಗದ್ದೆ ಇದ್ದ ಗಂಡುಗಳು ಬೇಕಾದಷ್ಟಿದ್ದವು, ಮೇ ತಿಂಗಳ ಭಾನುವಾರಕ್ಕೆ ಛತ್ರ ಇದ್ದ ಗಂಡು ನಾನೊಬ್ಬನೇ.

ಹೆಮ್ಮಿಗೆಯಿಂದ ಒಂದು ಮನೆಯವರು ಬಂದರು. ಹುಡುಗಿಯ ಅಪ್ಪ ಜಮೀನು ಕೇಳಲಿಲ್ಲ, ಕೆಲಸ ಕೇಳಲಿಲ್ಲ. "ಆ ಛತ್ರ ಆವತ್ತಿಗೆ ನಿಜ್ವಾಗ್ಲೂ ನಿಮ್ ಎಸ್ರಲ್ಲೇ ಅದಾ?" ಎಂದು ಒಂದೇ ಮಾತು ಕೇಳಿದರು. ಸೈಟು ತೆಗೆದು ತೋರಿಸಬೇಕು. ಮನೆದೇವರಿಗೆ ಹರಕೆ ಹೊತ್ತು ವಿಳಾಸ ಒತ್ತಿದೆ.

ಸೈಟು ತೆರೆಯಿತು. ನೆಂಟರು ಕೂತಿದ್ದಾಗ, ಎಲ್ಲರ ಕಣ್ಣೆದುರಿಗೆ, ಮೊದಲ ಸಲ ತೆರೆಯಿತು! ಕ್ಯಾಲೆಂಡರು, ಕೆಂಪು ಭಾನುವಾರ, ಅದರ ಮೇಲೆ ನನ್ನ ಹೆಸರು. ಹುಡುಗಿಯ ಅಪ್ಪ ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಉಡ್ಗ ಮುಂದಾಲೋಚ್ನೆ ಇರೋನು" ಎಂದರು.

ಹುಡುಗಿಯ ಮನೆಗೆ ನಾವು ಹೋದಾಗ, ಗಂಡನ್ನು ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದರು ಹಿರಿಯರು. ಆಕೆ ನರಸೀಪುರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದವಳು, ಸೈಟನ್ನು ಆಗಲೇ ನೋಡಿಬಿಟ್ಟಿದ್ದಳು. ತಲೆ ಎತ್ತಿ ಕೇಳಿದಳು: "ಎಣ್ಣಿನ ಎಸ್ರಿನ ಜಾಗದಲ್ಲಿ ಟೆಸ್ಟ್ ಅಂತ ಅದಲ್ಲ?"

ದಲ್ಲಾಳಿ ಬಾಯಿ ತೆರೆದರು, ಅವ್ವ ಅವರ ಕಾಲು ತುಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ತಿದ್ದಕ್ಕೆ ಬತ್ತದಾ?"

"ಬತ್ತದೆ."

"ಅಂಗಾರೆ ತಿದ್ದಿ" ಎಂದು ಒಳಗೆ ಹೋದಳು.

ತಿದ್ದಿದೆ. ಅವತ್ತಿನಷ್ಟು ಹುಷಾರಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಮದುವೆಯ ಹಿಂದಿನ ಸಂಜೆ ಎರಡೂ ಕಡೆಯವರು ಒಟ್ಟಿಗೇ ಛತ್ರದ ಬಾಗಿಲಿಗೆ ಬಂದೆವು. ವಾಲಗ ಶುರುವಾಯಿತು. ತಲೆ ಎತ್ತಿ ನೋಡುತ್ತೇನೆ, ಬಾಗಿಲ ಮೇಲೆ ಚೆಂಡು ಹೂವಿನ ಅಂಚು ಕಟ್ಟಿ, ಥರ್ಮೋಕೋಲಿನ ಅಕ್ಷರದಲ್ಲಿ, ಚಿರಂಜೀವಿ ಅಂತ ನನ್ನ ಹೆಸರು, ಪಕ್ಕದಲ್ಲಿ ಚಿರಂಜೀವಿನಿ ಸೌಭಾಗ್ಯವತಿ ಟೆಸ್ಟ್.

ವಾಲಗದವರೂ ನಿಲ್ಲಿಸಿದರು. ನಾನು ಮ್ಯಾನೇಜರ ಮೇಲೆ ಹಾರಿದೆ. "ತಿದ್ದಿದ್ದೆ ಕಣ್ರೀ! ಸೈಟಲ್ಲಿ ಸರ್ಯಾದ ಎಸ್ರು ಬಂದು ಎಷ್ಟು ದಿನ ಆಯ್ತು!"

"ಸಾ, ಮೊದ್ಲು ಬಂದ ಎಸ್ರೇ ಪಕ್ಕಾ ಅಂತ ನಮ್ ಛತ್ರದ ರೂಲ್ಸು" ಎಂದರು ಮ್ಯಾನೇಜರು, ಕದಲದೆ. "ಆಮೇಲೆ ತಿದ್ದಾಡೋರ್ನೆಲ್ಲ ಒಪ್ಪಿಕೊಂಡ್ರೆ ಛತ್ರ ನಡ್ಸಕಾಯ್ತದಾ? ಅದ್ರಲ್ಲೂ ನೀವು ಆವಮ್ಮನ ಎಸ್ರು ಅಷ್ಟೊಂದು ಸಲ ಕಳ್ಸಿದ್ರಿ."

ಹುಡುಗಿಯ ಕಡೆಯವರೆಲ್ಲ ಹುಡುಗಿಯ ಮುಖ ನೋಡಿದರು. ನಾನೂ ನೋಡಿದೆ. ಆಕೆ ಬೋರ್ಡನ್ನು ಮೇಲಿಂದ ಕೆಳಗೆ ಓದಿದಳು. ಸೀರೆಯ ನೆರಿಗೆ ಹಿಡಿದುಕೊಂಡು ಹೊಸಿಲು ದಾಟುತ್ತಾ ಮ್ಯಾನೇಜರಿಗೆ ಹೇಳಿದಳು:

"ಆ ಟೆಸ್ಟಮ್ಮ ಬಂದ್ರೆ ಊಟ ಆಕ್ಸಿ ಕಳ್ಸಿ ಸಾ. ಛತ್ರ ಕೊಡ್ಸಿದ್ದು ಅವ್ರೇ ತಾನೆ?"